ಹೊಳೆ ದಾಟಿದವರಿಗೆ ವಿನಾಯಿತಿ

ಬಿಚ್ಚುತ್ತಲೇ ಇದ್ದಾನೆ, ಮುಗಿಯುವುದೇ ಇಲ್ಲ, ಒಂದು ಸುತ್ತು, ಇನ್ನೊಂದು ಸುತ್ತು, ಪೇಟದ ನೀಲಿ ಬಟ್ಟೆ ಕುರ್ಚಿಯ ಕೈ ದಾಟಿ, ಪೌಡರ್ ಡಬ್ಬಿಯನ್ನು ಸವರಿಕೊಂಡು, ಬೆಂಚಿನ ಮೇಲೆ ಕೂತ ಜಯದೇವಪ್ಪ ಮೇಷ್ಟ್ರ ಪೇಪರಿನ ಮೇಲಕ್ಕೂ ಹರಿದು ಬಂತು, ಮೇಷ್ಟ್ರು ಅದನ್ನು ಪಕ್ಕಕ್ಕೆ ಸರಿಸುವುದೋ ಬೇಡವೋ ತಿಳಿಯದೆ ಎರಡು ಬೆರಳಲ್ಲಿ ಹಿಡಿದುಕೊಂಡು ಕೂತಿದ್ದಾರೆ, ಐದು ಮೀಟರ್ ಇರಬೇಕು, ಆರೂ ಇರಬಹುದು, ಪಲ್ಟನ್ನಿನಲ್ಲಿ ಬೆಳಗಿನ ಹೊತ್ತು ಇಬ್ಬಿಬ್ಬರು ಜವಾನರು ಆ ತುದಿ ಈ ತುದಿ ಹಿಡಿದು ಎಳೆದು ಮಡಿಸುತ್ತಿದ್ದರಲ್ಲ, ಓಬಳಪ್ಪನೂ ಎಷ್ಟು ಸಲ ಒಂದು ತುದಿ ಹಿಡಿದಿಲ್ಲ, ಕೈಗೆ ಬೇರೆ ಕೆಲಸವಿದ್ದರೆ ತಾನೆ. ಕೊನೆಯ ಸುತ್ತೂ ಬಿಚ್ಚಿತು. ಹುಡುಗ ಜುಟ್ಟಿನ ಗಂಟಿನೊಳಗಿಂದ ಸಣ್ಣ ಮರದ ಬಾಚಣಿಗೆಯೊಂದನ್ನು ಕಿತ್ತು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟ, ಅಲ್ಲಿ ಮೊದಲೇ ಇದ್ದ ಇನ್ನೊಂದು ಮರದ ಬಾಚಣಿಗೆಯ ಮಗ್ಗುಲಿಗೆ — ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಇರುವ, ಯಾವ ಗಿರಾಕಿಯ ತಲೆಗೂ ತಾಗದ, ಮೂರನೇ ಹಲ್ಲು ಮುರಿದ ಬಾಚಣಿಗೆ — ತಲೆ ಒಮ್ಮೆ ಕೊಡವಿದ, ಕೂದಲು ಬೆನ್ನಿನ ಮೇಲೆ ಸೊಂಟದ ತನಕ ಇಳಿಯಿತು. ಉಸ್ತಾದ್ ಜೀ, ಹಾಕ್ರಿ ಕತ್ತರಿ, ಪೂರಾ.

ಪೂರಾ ಅಂತೆ ಪೂರಾ, ತಲೆಯನ್ನು ಮೆಕ್ಕೆಜೋಳದ ಹೊಲ ಅಂದುಕೊಂಡಿದ್ದಾನೆ, ಈ ಕಡೆಯಿಂದ ಮೆಷಿನ್ ನುಗ್ಗಿಸಿ ಆ ಕಡೆಯಿಂದ ತೆಗೆಯುವುದಕ್ಕೆ. ಓಬಳಪ್ಪನ ಬಲಗೈಯಲ್ಲಿ ಕತ್ತರಿ ಇದೆ, ಎಡಗೈ ಅಭ್ಯಾಸಬಲದಿಂದ ಕೂದಲನ್ನು ಹಿಡಿದೂ ಆಗಿದೆ, ಎರಡೂ ಒಂದರ ಹತ್ತಿರ ಒಂದು ಹೋಗುತ್ತಿಲ್ಲ. ಪಕ್ಕದ ಕುರ್ಚಿಯಲ್ಲಿ ಕುರಿ ಸಾಕುವ ಮಾರುತಿ, ಒಂದು ಕೆನ್ನೆ ಬೋಳು, ಒಂದು ಕೆನ್ನೆ ನೊರೆ — ಅಣ್ಣಾ, ನಂದು ಅರ್ಧಕ್ಕೇ ಬಿಟ್ಟೆಯಲ್ಲ, ನೊರೆ ಒಣಗಾಕೆ ಹತ್ತೈತೆ — ಒಣಗಲಿ ಇರೋ ಮಾರಾಯ, ನಿನ್ನ ಕೆನ್ನೆಯ ನೊರೆ ಒಣಗಿದರೆ ಮತ್ತೆ ಹಚ್ಚಬಹುದು, ಇದನ್ನು ಕತ್ತರಿಸಿದರೆ ಮತ್ತೆ ಅಂಟಿಸುವುದಕ್ಕೆ ಬರುತ್ತದೆಯೆ. ಹದಿನೇಳು ವರ್ಷ ಮಿಲಿಟರಿಯಲ್ಲಿ ಕ್ಷೌರದ ಕೆಲಸ, ಅದರಲ್ಲಿ ಆರು ವರ್ಷ, ಇದನ್ನು ಹೇಳಿದರೆ ಜಗಳೂರಿನಲ್ಲಿ ಈಗಲೂ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ, ಆರು ವರ್ಷ ಸಿಖ್ಖರ ಪಲ್ಟನ್ನಿನಲ್ಲಿ. ಎಂಟುನೂರು ತಲೆ, ಎಂಟುನೂರು ಗಡ್ಡ, ಒಂದಕ್ಕೂ ಕತ್ತರಿ ತಾಗಿಸುವಂತಿಲ್ಲ. ಪ್ರತಿ ಪಲ್ಟನ್ನಿಗೂ ಒಬ್ಬ ಕ್ಷೌರಿಕ ಎಂದು ಯಾವುದೋ ಕಾಗದದಲ್ಲಿ ಬರೆದಿತ್ತು, ಕಾಗದಕ್ಕೆ ತಲೆ ಕಾಣಿಸುತ್ತದೆಯೆ. ಅಡುಗೆಯವರು, ಬಟ್ಟೆ ಒಗೆಯುವವರು, ಮೂವರು ಸಾಹೇಬರು, ಎಲ್ಲ ಸೇರಿ ಹನ್ನೊಂದು ತಲೆ, ಸೋಮವಾರ ಮುಗಿದರೆ ಮುಂದಿನ ಸೋಮವಾರದ ತನಕ ಕೈಕಟ್ಟಿ ಕೂರುವುದು. ರಜೆಗೆ ಬಂದಾಗ ಹೆಂಡತಿ ಉಚ್ಚಂಗೆಮ್ಮ ನಕ್ಕಿದ್ದೇ ನಕ್ಕಿದ್ದು — ಕೆಲಸ ಇಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದನಂತೆ, ಅಲ್ಲಿ ಬೆಕ್ಕಾದ್ರೂ ಐತೋ ಇಲ್ಲೋ? ಅವಳು ನಕ್ಕಳು, ಊರು ನಗಲಿಲ್ಲ. ಊರಿಗೆ ಅವನು ಸಿಂಗ್ ಓಬಳಪ್ಪನಾದ. ಟಿವಿಯಲ್ಲಿ ಒಂದು ಪೇಟ ಕಂಡರೆ ಸಾಕು, ನಮ್ಮ ಓಬಳಪ್ಪನ್ನ ಕೇಳ್ರಿ, ಅವನಿಗೆ ಎಲ್ಲಾ ಗೊತ್ತೈತೆ. ಗೊತ್ತಿಲ್ಲ ಎನ್ನುವ ಮಾತನ್ನು ಓಬಳಪ್ಪ ಅಂದಿನಿಂದ ಬಾಯಿಗೆ ತಂದುಕೊಂಡೇ ಇಲ್ಲ.

ಉಸ್ತಾದ್ ಜೀ ಯೋಚ್ನೆ ಮಾಡ್ಬೇಡ್ರಿ, ರೂಲ್ ಐತೆ, ಎಂದ ಹುಡುಗ. ಜಗಸೀರ್ ಸಿಂಗ್, ಇಪ್ಪತ್ತನಾಲ್ಕರ ವಯಸ್ಸು, ಚನ್ನಗಿರಿಯ ಗುರುಬಸವರಾಜ್ ಅವರ ಕಟಾವಿನ ಮೆಷಿನ್ ಓಡಿಸುವುದಕ್ಕೆ ಪಂಜಾಬಿನಿಂದ ಬರುವವನು, ಇದು ನಾಲ್ಕನೇ ಸುಗ್ಗಿ, ಕನ್ನಡವನ್ನು ಹೊಲದ ಬದುವಿನ ಮೇಲೆ ಕಲಿತವನು, ಈ ವಾರ ಮೆಷಿನ್ ಜಗಳೂರಿನ ಕಡೆಗೆ ಬಂದಿದೆ. ಜೋಳದ ಸಿಪ್ಪೆಯ ಧೂಳು ಪೇಟದೊಳಗೆ ಹೊಕ್ಕರೆ ರಾತ್ರಿಯೆಲ್ಲ ಕೆರೆತವಂತೆ, ಎರಡು ಕೈಯಲ್ಲಿ ಕೆರೆದರೂ ಸಾಲದಂತೆ, ಸ್ಟೇರಿಂಗ್ ಹಿಡಿಯುವುದಕ್ಕೆ ಮೂರನೇ ಕೈ ಬೇಕಂತೆ. ಇಷ್ಟಕ್ಕೇ ಕತ್ತರಿಸಿಬಿಡುತ್ತೀಯೇನೋ ಎಂದು ಕೇಳಿದರೆ — ಇಲ್ಲ ಇಲ್ಲ, ರೂಲ್ ಪ್ರಕಾರ. ಹೊಳೆ ದಾಟಿ ದಕ್ಷಿಣಕ್ಕೆ ದುಡಿಯಾಕೆ ಬಂದ ಸಿಂಗರಿಗೆ ವಿನಾಯ್ತಿ ಐತಂತೆ, ಐದು ಜನ ಕೂತು ಮಾಡಿದ ಹುಕುಂ ಅಂತೆ. ಮೆಷಿನ್ ಓಡ್ಸೋರಿಗೆ ಮಾತ್ರ ಅಂತೆ. ಕತ್ತರಿ ಹಾಕೋನು ಸಿಖ್ ಪಲ್ಟನ್ ಉಪ್ಪು ತಿಂದೋನೇ ಆಗಿರ್ಬೇಕಂತೆ, ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಆಮೇಲೆ ಕೂದ್ಲನ್ನ ಹೊನ್ನಾಳಿ ಹೊಳೆಗೇ ಬಿಡ್ಬೇಕಂತೆ. ನಮ್ಮೂರಾಗೆ ಇದು ಯಾರಿಗೂ ಗೊತ್ತಿಲ್ಲ ಉಸ್ತಾದ್ ಜೀ, ಇಲ್ಲಿ ಎಲ್ಲರಿಗೂ ಗೊತ್ತೈತೆ! ಓಬಳಪ್ಪ ಹಿಡಿದಿದ್ದ ಕೂದಲನ್ನು ಬಿಟ್ಟ. ಯಾರಪ್ಪಾ ಹೇಳಿದ್ದು? ನಮ್ಮ ಮಾಲೀಕ್ರು. ಅವರಿಗೆ ಯಾರು ಹೇಳಿದ್ದು? ನ್ಯಾಮತಿ ಸ್ಪೇರ್ ಪಾರ್ಟ್ಸ್ ಅಂಗಡಿಯೋರು. ಅವರಿಗೆ? ಹೊನ್ನಾಳಿಯಾಗೆ ಯಾವ್ದೋ ಮದ್ವೆ ಊಟದಾಗೆ ಯಾರೋ ಭಾಳ ತಿಳಿದೋರು ಹೇಳಿದ್ರಂತೆ, ಮಿಲಿಟ್ರಿಯೋರು.

ಮಿಲಿಟ್ರಿಯೋರು. ಭಾಳ ತಿಳಿದೋರು. ಅಯ್ಯೋ ನನ್ನ ಶಿವನೇ — ಹೊನ್ನಾಳಿಯ ಛತ್ರ, ಉಚ್ಚಂಗೆಮ್ಮನ ಅಣ್ಣನ ಮಗಳು ರೂಪಶ್ರೀಯ ಮದುವೆ, ಎರಡನೇ ಪಂಕ್ತಿ, ಎಲೆ ಹಾಕಿ ಉಪ್ಪು ಉಪ್ಪಿನಕಾಯಿ ಬಡಿಸಿದವರು ಅನ್ನಕ್ಕೆ ಹೋದವರು ಬರಲೇ ಇಲ್ಲ, ಖಾಲಿ ಎಲೆಯ ಮುಂದೆ ಮನುಷ್ಯ ಏನು ಮಾಡಬೇಕು, ಮಾತಾಡಬೇಕು. ಪಕ್ಕದಲ್ಲಿ ಕೂತವನು, ನ್ಯಾಮತಿಯವನು, ಹೌದು, ಸ್ಪೇರ್ ಪಾರ್ಟ್ಸ್ ಎಂದೇ ಹೇಳಿದ್ದ, ಕೈಯಲ್ಲಿ ಗ್ರೀಸ್ ವಾಸನೆ — ಅಲ್ರೀ ಯಜಮಾನ್ರೇ, ಮೆಷಿನ್ ಜೊತೆ ಬರ್ತಾರಲ್ಲ ಸರದಾರ್ರು, ನಮ್ಮ ಬಿಸ್ಲಿಗೆ ಅಷ್ಟು ಕೂದ್ಲು ಹೆಂಗ್ರೀ ತಡೀತಾರೆ? ಎದುರು ಸಾಲಿನವರೂ ಕತ್ತು ಚಾಚಿದರು. ಅಷ್ಟು ಮುಖ ಒಟ್ಟಿಗೆ ತನ್ನ ಕಡೆ ತಿರುಗಿದಾಗ ಓಬಳಪ್ಪನ ನಾಲಿಗೆ ಯಾವತ್ತು ಅವನ ಮಾತು ಕೇಳಿದೆ. ಅದಕ್ಕೆಲ್ಲ ಅವರಾಗೆ ವಿನಾಯ್ತಿ ಐತೆ ಕಣ್ರೀ, ಎಂದ. ಹೊಳೆ ದಾಟಿದೋರಿಗೆ. ಐದು ಜನ ಕೂತು ಮಾಡಿದ ಹುಕುಂ. ಅಷ್ಟರಲ್ಲಿ ಅನ್ನ ಬಂತು, ಸಾರು ಬಂತು, ಹೋಳಿಗೆ ಬಂತು, ಮರೆತೇಹೋಯಿತು. ಮೆಷಿನ್‌ನವರಿಗೆ ಮಾತ್ರ ಎನ್ನುವುದನ್ನು ನ್ಯಾಮತಿಯಲ್ಲಿ ಸೇರಿಸಿರಬೇಕು, ಪಲ್ಟನ್ ಉಪ್ಪಿನ ಕಲಮು ಚನ್ನಗಿರಿಯದು, ಹೊಳೆಗೆ ಬಿಡುವುದು ಯಾರದೋ ಹೆಂಡತಿಯದು, ಹೆಂಗಸರಿಗೆ ಏನನ್ನಾದರೂ ಹೊಳೆಗೆ ಬಿಡದಿದ್ದರೆ ಸಮಾಧಾನವಿಲ್ಲ. ನಾಲ್ಕು ತಾಲ್ಲೂಕು ಸುತ್ತಿ, ದಾರಿಯಲ್ಲಿ ಕೈಕಾಲು ಬೆಳೆಸಿಕೊಂಡು, ತಾನೇ ಹೆತ್ತ ಸುಳ್ಳು ಈಗ ತನ್ನದೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ಇದೊಂದೇ ಸುಳ್ಳೆ — ಪೇಟದ ಬಣ್ಣದಿಂದ ಎಷ್ಟು ಮಕ್ಕಳೆಂದು ಹೇಳಬಹುದು ಎಂದವನು ಯಾರು, ಅವರ ಕೈಬಳೆ ಕಬ್ಬಿಣದ್ದಾದ್ದರಿಂದ ಸಿಡಿಲು ಬಡಿಯುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದವನು ಯಾರು, ಮೇಷ್ಟ್ರು ಅದನ್ನು ಹೈಸ್ಕೂಲಿನ ಮಕ್ಕಳಿಗೂ ಹೇಳಿ ರಿಟೈರಾದರು. ಅವೆಲ್ಲ ಯಾರಿಗೂ ಏನೂ ಮಾಡಲಿಲ್ಲ. ಇದು ಮಾತ್ರ ಒಬ್ಬ ತಾಯಿಯ ಮಗನ ಕುತ್ತಿಗೆಯ ಹಿಂದೆ ನಿಂತಿದೆ.

ತಾಯಿ ಎಂದರೆ ಈ ಹುಡುಗನಿಗೆ ಬೇಬೆ, ಅವರು ಅವ್ವನಿಗೆ ಹಾಗೆ ಅನ್ನುತ್ತಾರೆ. ನಮ್ಮ ಬೇಬೆ ಹನ್ನೆರಡು ವರ್ಷದ ತನಕ ದಿನಾ ಬಾಚಿ ಕಟ್ಟೋರು, ಎಂದು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಹೇಳುತ್ತಿದ್ದಾನೆ, ದಿನಾ ಸಂಜೆ ವೀಡಿಯೊ ಕಾಲ್ ಮಾಡ್ತಾರೆ, ಇವತ್ತೂ ಮಾಡ್ತಾರೆ, ನೋಡಿದ ತಕ್ಷಣ ಅಳ್ತಾರೆ, ಆಗ ನಾನು ಹೇಳ್ತೀನಿ, ಬೇಬೆ ಅಳ್ಬೇಡ, ಹುಕುಂ ಐತೆ, ಪಲ್ಟನ್‌ನಾಗೆ ಇದ್ದ ಉಸ್ತಾದ್ ಜೀನೇ ಹಾಕಿದ್ದು ಕತ್ತರಿ, ನೀವು ಸ್ವಲ್ಪ ಫೋನ್‌ನಾಗೆ ಬಂದು ಹೇಳಿಬಿಡ್ರಿ. ಬಂದು ಹೇಳಬೇಕಂತೆ! ಓಬಳಪ್ಪನಿಗೆ ಕಾಣಿಸಿಯೇಬಿಟ್ಟಿತು — ಸುಳ್ಳು ಹೊಳೆ ದಾಟಿ ವಾಪಸು ಉತ್ತರಕ್ಕೆ ಹೊರಟಿದೆ, ಆ ಬೇಬೆ ಕಣ್ಣೊರೆಸಿಕೊಂಡು ಊರಿನ ಗುರುದ್ವಾರಕ್ಕೆ ಹೋಗುತ್ತಾಳೆ, ಅಲ್ಲಿಯ ಗ್ರಂಥಿ, ಗ್ರಂಥ ಓದುವ ಯಜಮಾನ, ಗಡ್ಡ ನೀವಿಕೊಂಡು ಯಾವ ಐದು ಜನವಮ್ಮಾ, ಯಾವ ಊರಿನಲ್ಲಿ ಕೂತಿದ್ದರು ಎಂದು ಕೇಳುತ್ತಾನೆ, ಜಗಳೂರಂತೆ, ಜಗಳೂರು ಎಲ್ಲಿದೆ. ಅಷ್ಟರಲ್ಲಿ ಪಕ್ಕದ ಹೋಟೆಲಿನ ಕೆಂಚೇಶ್ ಟೀ ತಂದವನು ಟ್ರೇ ಹಿಡಿದುಕೊಂಡೇ ನಿಂತ, ಏನ್ರೀ ಇದು, ಸಿಂಗ್ ಬೋಳಾಗ್ತಾನಾ? ಜಯದೇವಪ್ಪ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು. ಐದು ಜನ ಬೇಕು ಅಂದ್ಯಲ್ಲಪ್ಪ, ಇಲ್ಲೇ ಇದೀವಲ್ಲ, ನಾನು, ಮಾರುತಿ, ಕೆಂಚೇಶ್, ಓಬಳಪ್ಪ, ನೀನು, ಸರಿಯಾಗಿ ಐದು, ಒಂದು ಠರಾವು ಮಾಡಿಬಿಡಾಣ. ನನ್ನ ಮಾತು ಕೇಳಿದ್ರೆ, ಧರ್ಮ ಅನ್ನೋದು ಒಳಗೆ ಇರಬೇಕು, ಕೂದ್ಲು ಹೊರಗಿಂದು, ನಮ್ಮಲ್ಲೂ ಒಂದು ಮಾತಿಗೆ ಹತ್ತು ಮಠ ಹತ್ತು ಅರ್ಥ ಹೇಳ್ತಾವೆ, ಯಾವುದು ಅನುಕೂಲವೋ ಅದನ್ನ ತಗಾಬೇಕು. ಮಾರುತಿ ಒಣಗಿದ ನೊರೆಯೊಳಗಿಂದ, ನಾವು ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸ್ತೀವಿ, ಇವತ್ತಿನ ತನಕ ಯಾವ ಕುರಿನೂ ಜಾತಿ ಕೆಟ್ಟಿಲ್ಲ, ಎಂದ. ಕೆಂಚೇಶ್ ಮಾತ್ರ, ಬ್ಯಾಡ್ರಪ್ಪ, ಅವರವ್ವ ಅಳ್ತಾಳೆ ಅಂತಾನಲ್ಲ, ಎಂದ. ಎರಡು ಒಂದು. ಹುಡುಗ ನಗುತ್ತ ನಾನೂ ಕೆಂಚೇಶಣ್ಣನ ಕಡೆ ಅಂತ ಇಟ್ಕೋರಿ ಎಂದ, ತಮಾಷೆಗೆ, ಆದರೆ ನಗು ಅರ್ಧಕ್ಕೇ ನಿಂತಿತು, ಎರಡು ಎರಡು. ಈಗ ಎಲ್ಲರೂ ಓಬಳಪ್ಪನ ಮುಖ ನೋಡುತ್ತಿದ್ದಾರೆ, ಅದೇ ಹೊನ್ನಾಳಿಯ ಪಂಕ್ತಿಯಂತೆ, ಎಲೆ ಮಾತ್ರ ಇಲ್ಲ.

ಯಾರೋ ಐದು ಜನ ಅಲ್ಲ ಮೇಷ್ಟ್ರೇ, ಎಂದುಕೊಂಡ ಮನಸ್ಸಿನಲ್ಲೇ. ಓಬಳಪ್ಪನಿಗೆ ಇದು ಗೊತ್ತು, ಇದು ನಿಜವಾಗಿಯೂ ಗೊತ್ತಿರುವುದು. ಅಮೃತ ಎಂಬ ದೀಕ್ಷೆ ತಗೊಂಡು, ನೇಮ ಹಿಡಿದು, ಅದರಂತೆ ಬಾಳುವ ಐದು ಜನ, ಅವರು ಗ್ರಂಥದ ಮುಂದೆ ಕೂರಬೇಕು, ಟೀ ಟ್ರೇಯ ಮುಂದೆ ಅಲ್ಲ. ಹೇಳಿದವನು ಗಿಯಾನಿ ಬಾಬಾ, ಪಲ್ಟನ್ನಿನ ಗುರುದ್ವಾರದಲ್ಲಿ ಗ್ರಂಥ ಓದುತ್ತಿದ್ದವನು, ಹಾಲಿನಂಥ ಗಡ್ಡ, ಕೈಕಟ್ಟಿ ಕೂತ ಕ್ಷೌರಿಕನನ್ನು ನೋಡಿ ಪಾಪ ಎನಿಸಿ ಹತ್ತಿರ ಕೂರಿಸಿಕೊಂಡವನು. ಅವನು ಪಂಜಾಬಿಯಲ್ಲೇ ಹೇಳಿದ್ದು, ಓಬಳಪ್ಪನ ತಲೆಯಲ್ಲಿ ಅದೆಲ್ಲ ಜಗಳೂರಿನ ಮಾತಾಗಿ ಕೂತಿದೆ — ನಮಗೆ ಮನುಷ್ಯ ಗುರು ಇಲ್ಲ ಓಬಲ್, ಗ್ರಂಥನೇ ಗುರು, ಅರ್ಥ ಬೇಕಂದ್ರೆ ಐದು ಜನ ಕೂರಬೇಕು, ಒಬ್ಬನೇ ಕೂತು ಹೇಳಿದ್ದು ಹುಕುಂ ಅಲ್ಲ, ಹರಟೆ. ಕೂದಲ ಬಗ್ಗೆ ಗ್ರಂಥದಲ್ಲಿ ಎಲ್ಲಿದೆ ಬಾಬಾ ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದ, ಹೊಟ್ಟೆಪಾಡಿನ ಪ್ರಶ್ನೆಯಲ್ಲವೆ, ಬಾಬಾ ಕೋಪ ಮಾಡಿಕೊಳ್ಳಲಿಲ್ಲ, ಇದನ್ನ ನಮ್ಮ ಪಂಡಿತರೂ ಜಗಳ ಆಡ್ತಾರೆ, ಇನ್ನೂ ಮುಗಿದಿಲ್ಲ, ಆದ್ರೆ ನಾವು ಕೂದ್ಲು ಇಟ್ಕೊಂಡಿರೋದು ಸಾಲು ಹುಡುಕಿ ಅಲ್ಲ, ಮಾತು ಕೊಟ್ಟು, ಎಂದ. ಮತ್ತು ಆ ಜೀಪು ಮಗುಚಿದ ಮಧ್ಯಾಹ್ನ, ದಲ್ಬೀರ್ ಎಂಬ ಜವಾನನ ತಲೆ ಒಡೆದು, ಡಾಕ್ಟರು ಹೊಲಿಗೆ ಹಾಕಬೇಕು ಕೂದಲು ತೆಗೀರಿ ಎಂದಾಗ, ಎಂಟುನೂರು ಜನರಲ್ಲಿ ಯಾರ ಕೈಯೂ ಮೇಲೇಳಲಿಲ್ಲ, ಎಲ್ಲರೂ ತಿರುಗಿ ನೋಡಿದ್ದು ಓಬಳಪ್ಪನನ್ನು. ಆರು ವರ್ಷದಲ್ಲಿ ಅವರ ತಲೆಯ ಮೇಲೆ ಬಂದ ಒಂದೇ ಕೆಲಸ. ರಕ್ತ ಹತ್ತಿ ಗಂಟಾದ ಜುಟ್ಟಿನೊಳಗಿಂದ ಮೊದಲು ಬಂದದ್ದು ಆ ಬಾಚಣಿಗೆ, ಮೂರನೇ ಹಲ್ಲು ಮುರಿದಿತ್ತು, ಕತ್ತರಿಸುವಷ್ಟು ಹೊತ್ತೂ ಗಿಯಾನಿ ಬಾಬಾ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದ.

ಜೀವ ಉಳಿಯಿತು, ನಿದ್ದೆ ಹೋಯಿತು. ಮೂರನೇ ದಿನ ಓಬಳಪ್ಪನೇ ಹೋಗಿ ನನಗೆ ದಂಡ ಹಾಕ್ರಿ ಎಂದು ನಿಂತ. ಐದು ಜನ ಕೂತರು, ನಿಜವಾದ ಐದು ಜನ, ಅರ್ಧ ಗಂಟೆ ಗುಜುಗುಜು ಮಾತಾಡಿ, ನಿನ್ನದು ತಪ್ಪಿಲ್ಲ, ಡಾಕ್ಟರ ಮಾತು, ಜೀವದ ಪ್ರಶ್ನೆ, ಅಲ್ಲದೆ ನೀನು ನಮ್ಮವನೂ ಅಲ್ಲ, ಹೋಗು ಎಂದರು. ಹೋಗುವುದಕ್ಕೆ ಮನಸ್ಸಾಗಲಿಲ್ಲ. ಏನಾದ್ರೂ ಒಂದು ಹಾಕ್ರಿ ಎಂದು ಅತ್ತ, ದಂಡ ಬೇಕೆಂದು ಹಟ ಹಿಡಿದವನನ್ನು ಅವರು ಅದುವರೆಗೆ ನೋಡಿರಲಿಲ್ಲ, ನಕ್ಕುಬಿಟ್ಟರು, ಹಾಗಾದರೆ ಹನ್ನೊಂದು ದಿನ ಗುರುದ್ವಾರದ ಬಾಗಿಲಲ್ಲಿ ಬಂದವರ ಚಪ್ಪಲಿ ಒರೆಸು ಎಂದರು, ಅಲ್ಲಿ ಚಪ್ಪಲಿ ಎಲ್ಲಿ, ಎಲ್ಲ ಬೂಟುಗಳೇ, ಎಂಟುನೂರು ಜೊತೆ ಬೂಟು. ಒಂಬತ್ತನೇ ದಿನ ಗಿಯಾನಿ ಬಾಬಾ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತು, ಒಂದು ಬೂಟು ತಾನೂ ಒರೆಸುತ್ತ, ಓಬಲ್, ನಮ್ಮ ಗ್ರಂಥದೊಳಗೆ ನಿನ್ನ ಕಸುಬಿನವನೊಬ್ಬನ ಪದ ಐತೆ, ಗೊತ್ತೇನು, ಎಂದ. ಒಬ್ಬ ಕ್ಷೌರಿಕ. ನೂರಾರು ವರ್ಷದ ಹಿಂದಿನವನು, ಸಿಖ್ಖನೂ ಅಲ್ಲ, ಅವನ ಪದ ರಾಜರ ಮಾತಿಗಿಂತ ಮೇಲೆ, ರೇಷ್ಮೆ ಬಟ್ಟೆಯೊಳಗೆ. ನೀನು ಇಲ್ಲಿ ಕೆಲಸ ಇಲ್ಲ ಕೆಲಸ ಇಲ್ಲ ಅಂತ ಕೊರಗ್ತೀಯ, ಈ ಎಂಟುನೂರು ಜನ ದಿನಾ ಬೆಳಿಗ್ಗೆ ಹಣೆ ನೆಲಕ್ಕೆ ತಾಗಿಸ್ತಾರಲ್ಲ, ಅವನಿಗೂ ಸೇರಿಸಿ ತಾಗಿಸ್ತಾರೆ. ಬೂಟು ಕೈಯಲ್ಲೇ ಇತ್ತು. ಊರಲ್ಲಿ ಗೌಡರ ಜಗಲಿಯ ಕೆಳಗೆ ಕೂತೇ ಕ್ಷೌರ ಮಾಡಿದ ಅಪ್ಪನ ನೆನಪಾಗಿ ಓಬಳಪ್ಪ ಒರೆಸಿದ ಬೂಟನ್ನೇ ಮತ್ತೆ ಒರೆಸಿದ. ವರ್ಗವಾಗಿ ಹೊರಟ ದಿನ ದಲ್ಬೀರ್ ಆ ಬಾಚಣಿಗೆ ಕೊಟ್ಟ, ಗಿಯಾನಿ ಬಾಬಾ ಒಂದು ಮಾತು ತಗೊಂಡ — ಈ ಕತ್ತರಿ ನಮ್ಮವರ ತಲೆ ಮುಟ್ಟಿದ್ದು ಒಂದೇ ಸಲ, ಜೀವ ಉಳಿಸಾಕೆ, ಇನ್ನೊಂದು ಸಲ ಸುಳ್ಳಿಗೆ ಮುಟ್ಟಬಾರದು. ಸುಳ್ಳಿಗೆ ಎಂದೇ ಅಂದಿದ್ದನೆ ಬಾಬಾ, ಅಥವಾ ಇದನ್ನೂ ಓಬಳಪ್ಪ ಆಮೇಲೆ ಸೇರಿಸಿಕೊಂಡನೆ, ಇಷ್ಟು ವರ್ಷ ಸೇರಿಸಿ ಸೇರಿಸಿ ಯಾವುದು ಬಾಬಾನ ಮಾತು ಯಾವುದು ತನ್ನ ಒಗ್ಗರಣೆ ಎಂದು ತನಗೇ ತಿಳಿಯದ ಹಾಗಾಗಿದೆ.

ಓಬಳಪ್ಪಾ, ನಿನ್ನದು ಯಾವ ಕಡೆ, ಹೇಳಿಬಿಡಪ್ಪ, ಟೀ ಆರ್ತೈತೆ, ಎಂದರು ಮೇಷ್ಟ್ರು. ಕನ್ನಡಿಯಲ್ಲಿ ಹುಡುಗನ ಕಣ್ಣು, ಅದರ ಮೇಲೆ ತನ್ನ ಮುಖ, ಹಲಗೆಯ ಮೇಲೆ ಎರಡು ಬಾಚಣಿಗೆ. ಹೇಳಿದರೆ ಏನಾಗುತ್ತದೆ, ಮೂವತ್ತು ವರ್ಷ ಕಟ್ಟಿಕೊಂಡ ಸಿಂಗ್ ಓಬಳಪ್ಪ ಇವತ್ತು ಸಂಜೆಯೊಳಗೆ ಬರೀ ಓಬಳಪ್ಪ, ಬಸ್ ಸ್ಟ್ಯಾಂಡಿನಲ್ಲಿ ನಗುತ್ತಾರೆ, ಉಚ್ಚಂಗೆಮ್ಮ ಮಾತ್ರ ನಗುವುದಿಲ್ಲ, ಅವಳಿಗೆ ಮೊದಲೇ ಗೊತ್ತು. ಹೇಳದಿದ್ದರೆ ಸುಮ್ಮನೆ ಹತ್ತು ನಿಮಿಷದ ಕೆಲಸ. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಈ ಬೆನ್ನು ತುಂಬ ಬಿದ್ದ ಕೂದಲು, ಹನ್ನೆರಡು ವರ್ಷ ಯಾರೋ ಹೆಂಗಸು ಬೆಳಗಾಗೆದ್ದು ಸಿಕ್ಕು ಬಿಡಿಸಿದ್ದು — ಕತ್ತರಿಯನ್ನು ಹಲಗೆಯ ಮೇಲಿಟ್ಟ ಸದ್ದು ಅವನಿಗೇ ಜೋರಾಗಿ ಕೇಳಿಸಿತು. ಆ ವಿನಾಯ್ತಿ ಇಲ್ಲಪ್ಪ, ಎಂದ. ಯಾವ ಐದು ಜನನೂ ಕೂತಿಲ್ಲ. ಹೊನ್ನಾಳಿ ಮದುವೆಯಾಗೆ ಅನ್ನ ಬರೋದು ತಡ ಆತು, ನಾನೇ ಕಟ್ಟಿ ಹೇಳಿದೆ. ಮೇಷ್ಟ್ರ ಕೈಯಿಂದ ಪೇಟದ ತುದಿ ಜಾರಿತು. ಕೆಂಚೇಶ್ ಟ್ರೇ ಕೆಳಗಿಟ್ಟ. ನಿನ್ನ ತಲೆ, ನಿನ್ನ ಇಷ್ಟ, ಬ್ಯಾಡ ಅನ್ನಾಕೆ ನಾನ್ಯಾರು, ಈಗ್ಲೂ ಕತ್ತರಿಸು ಅಂದ್ರೆ ಕತ್ತರಿಸ್ತೀನಿ, ಕಸುಬೇ ಅದು. ಆದ್ರೆ ಹುಕುಂ ಐತೆ ಅಂತ ತಿಳ್ಕೊಂಡು ಬ್ಯಾಡ. ನಿಮ್ಮವ್ವಂಗೆ ನಾನು ಫೋನ್‌ನಾಗೆ ಸುಳ್ಳು ಹೇಳಾಕಿಲ್ಲ.

ಹೊರಗೆ ದಾವಣಗೆರೆ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಮೊದಲು ಬಾಯಿ ಬಿಟ್ಟವರು ಮೇಷ್ಟ್ರು, ಮೆಲ್ಲಗೆ — ಹಂಗಾದ್ರೆ ಆ ಸಿಡಿಲು? ಅದೂ ಸುಳ್ಳು ಮೇಷ್ಟ್ರೇ. ಪೇಟದ ಬಣ್ಣ? ಅದೂ. ಮೇಷ್ಟ್ರು ಇಪ್ಪತ್ತು ಬ್ಯಾಚಿನ ಮಕ್ಕಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದ ಹಾಗಿತ್ತು. ಹೋಗ್ಲಿ ಬಿಡು, ಅವರ ಗ್ರಂಥದಾಗೆ ಕ್ಷೌರದೋನ ಪದ ಐತೆ ಅಂತ ಊರೆಲ್ಲ ಸಾರಿದ್ಯಲ್ಲ, ಅದಂತೂ ಶುದ್ಧ ಬುರುಡೆ ಅಂತ ನನಗೆ ಅವತ್ತೇ ಗೊತ್ತಿತ್ತು. ಅದು ನಿಜ ಮೇಷ್ಟ್ರೇ. ಹೂಂ ಹೂಂ, ನಿಜ. ಅದೊಂದು ನಿಜ ಕಣ್ರೀ, ದೇವರಾಣೆ. ಮಾರುತಿ ನಕ್ಕ, ನೊರೆಯ ಚಕ್ಕೆ ಮಡಿಲಿಗೆ ಉದುರಿತು, ಕೆಂಚೇಶನೂ ನಕ್ಕ. ಹತ್ತು ಸುಳ್ಳು ನಂಬಿದ ಊರು ಇರುವ ಒಂದು ನಿಜವನ್ನು ನಂಬುವುದಿಲ್ಲವಲ್ಲ, ಓಬಳಪ್ಪನಿಗೆ ಮೈಯೆಲ್ಲ ಉರಿಯಿತು, ಅಳು ಬರುವಂತೆಯೂ ಆಯಿತು, ಆ ಒಂಬತ್ತನೇ ದಿನದ ಬೂಟು, ಬಾಬಾನ ಕುಕ್ಕರುಗಾಲು, ಅದೂ ಹೋಯಿತೆ, ಹರಟೆಯ ಜೊತೆ ಅದೂ ಕೊಚ್ಚಿಹೋಯಿತೆ. ಹುಡುಗ ಮಾತ್ರ ನಗಲಿಲ್ಲ. ನನಗೂ ಗೊತ್ತಿಲ್ಲ ಉಸ್ತಾದ್ ಜೀ, ತಡೀರಿ ಎಂದು ಫೋನ್ ತೆಗೆದ, ಬೆರಳಾಡಿಸಿದ, ಆಡಿಸಿದ, ನಿಲ್ಲಿಸಿದ. ಕ್ಷೌರಿಕನ ಪದ ಸಿಕ್ಕಿತ್ತು, ಓದಲು ಬಾಯಿ ತೆರೆದವನು ತಟ್ಟನೆ ತಡೆದು, ಮೇಷ್ಟ್ರೇ ಬಟ್ಟೆ ಕೊಡ್ರಿ ಎಂದು ನೆಲದ ಮೇಲಿನ ಪೇಟದ ತುದಿಯನ್ನು ಎಳೆದು ತಲೆಗೆ ಹೊದ್ದುಕೊಂಡ. ಗುರುವಿನ ಮಾತು, ನೀವೂ ತಲೆ ಮುಚ್ಕೋರಿ. ಓಬಳಪ್ಪ ಗಿರಾಕಿಗಳ ಟವೆಲ್ ತಲೆಗೆ ಹಾಕಿಕೊಂಡ, ಮೇಷ್ಟ್ರು ಪೇಪರು, ಕೆಂಚೇಶ್ ಟೀ ಒರೆಸುವ ಬಟ್ಟೆ, ಮಾರುತಿ ಕುತ್ತಿಗೆಗೆ ಕಟ್ಟಿದ್ದನ್ನೇ ಎತ್ತಿ ಮೇಲೆಳೆದುಕೊಂಡ, ಕಣ್ಣು ಸಮೇತ. ನಾಲ್ಕೇ ಸಾಲು, ಹುಡುಗ ತೊದಲುತ್ತ ಓದಿದ, ಓದಿ ಮುಗಿಸಿ, ಯಾರೂ ಹೇಳದೆ, ಫೋನಿನ ಮುಂದೆ ಹಣೆ ಬಾಗಿಸಿದ, ಹಲಗೆಯ ಅಂಚಿಗೆ ಹಣೆ ತಾಗಿತು, ಪೌಡರ್ ಡಬ್ಬಿ, ಕತ್ತರಿ, ಎರಡು ಬಾಚಣಿಗೆ, ಅವುಗಳ ನಡುವೆ. ಸೊಂಟದ ತನಕ ಕೂದಲಿದ್ದ ತಲೆಯೊಂದು ಕಟಿಂಗ್ ಶಾಪಿನಲ್ಲಿ ಕ್ಷೌರಿಕನೊಬ್ಬನ ಮಾತಿಗೆ ಬಗ್ಗಿದೆ. ಅಪ್ಪ ಇದ್ದು ಇದನ್ನು ನೋಡಬೇಕಿತ್ತು ಎನ್ನಿಸಿತು ಓಬಳಪ್ಪನಿಗೆ.

ಆಮೇಲೆ ಎಲ್ಲ ಬೇಗ ಬೇಗ, ಮೆಷಿನ್ ಕಾಯುತ್ತಿದೆಯಂತೆ, ಇವತ್ತು ಬ್ಯಾಡ ಉಸ್ತಾದ್ ಜೀ, ಮುಂದೆ ಎಂದಾದ್ರೂ ಬೇಕು ಅನಿಸಿದ್ರೆ ನಾನೇ ಬೇಬೆಗೆ ನಿಜ ಹೇಳಿ ಬರ್ತೀನಿ, ಕೆರೆತಕ್ಕೆ ಏನ್ಮಾಡ್ಲಿ ಅದ್ನ ಹೇಳ್ರಿ. ಇದು ಗೊತ್ತು ಓಬಳಪ್ಪನಿಗೆ, ಆರು ವರ್ಷ ನೋಡಿದ್ದು — ಹುಳಿ ಮೊಸರು ಹಚ್ಚಿ ಒಂದು ಗಂಟೆ ಬಿಟ್ಟು ತೊಳಿ, ಪೇಟದ ಒಳಗೆ ತೆಳ್ಳನೆ ಹತ್ತಿ ಬಟ್ಟೆ ಕಟ್ಟು, ದಿನಾ ಬದಲಾಯಿಸು. ಹುಡುಗ ಕೂದಲು ತಿರುವಿ ಗಂಟು ಹಾಕಿದ, ಕಣ್ಣು ಫೋನಿನ ಮೇಲೇ, ಮಾಲೀಕರ ಮೂರು ಮಿಸ್ಡ್ ಕಾಲ್, ಕೈ ಹಲಗೆಯ ಮೇಲೆ ತಡಕಾಡಿ ಬಾಚಣಿಗೆ ಎತ್ತಿ ಜುಟ್ಟಿಗೆ ಸಿಕ್ಕಿಸಿತು, ಪೇಟ ಒಂದು ಸುತ್ತು, ಇನ್ನೊಂದು ಸುತ್ತು, ಈ ಸಲ ಮೇಷ್ಟ್ರೇ ತುದಿ ಹಿಡಿದು ಎಳೆದು ನಿಂತರು, ಗಂಭೀರವಾಗಿ, ಪಲ್ಟನ್ನಿನಲ್ಲಿ ಹುಟ್ಟಿದವರ ಹಾಗೆ. ಹೋದ. ಕೆಂಚೇಶ್ ಖಾಲಿ ಲೋಟ ತಗೊಂಡು ಬಸ್ ಸ್ಟ್ಯಾಂಡಿನ ಕಡೆಗೆ ಹೆಚ್ಚೂಕಡಿಮೆ ಓಡಿಯೇ ಹೋದ, ಸಂಜೆಗೆ ಸುದ್ದಿ ಇಡೀ ಜಗಳೂರಿಗೆ, ನಾಳೆಗೆ ಚನ್ನಗಿರಿಗೆ, ಆದರೆ ನ್ಯಾಮತಿಯವನು ಮಾತ್ರ ಒಪ್ಪುವುದಿಲ್ಲ, ವಿನಾಯ್ತಿ ಐತೆ, ಆ ಓಬಳಪ್ಪನಿಗೇ ಸರಿಯಾಗಿ ಗೊತ್ತಿಲ್ಲ ಎನ್ನುತ್ತಾನೆ. ಅಣ್ಣಾ ಈಗಾದ್ರೂ ನನ್ನ ಕೆನ್ನೆ, ಎಂದ ಮಾರುತಿ. ಬಂದೆ ಇರೋ ಎಂದು ಬ್ರಷ್‌ಗೆ ಕೈ ಚಾಚಿದ ಓಬಳಪ್ಪ, ಹಲಗೆಯ ಮೇಲೆ ಬಾಚಣಿಗೆ ಇತ್ತು, ಒಂದೇ, ಹೊಸ ಮರದ ಬಣ್ಣ, ಯಾಕೆ ಇಷ್ಟು ಹೊಳೆಯುತ್ತಿದೆ, ಬಾಗಿಲಾಚೆ ನೀಲಿ ಪೇಟ ಬೈಕಿನ ಮೇಲೆ ಇನ್ನೂ ಕಾಣುತ್ತಿದೆ, ಕೂಗಿದರೆ ಕೇಳಿಸುತ್ತದೆ, ಏ ಜಗಸೀರ್ ಎಂದರೆ ಸಾಕು, ಬಾಯಿ ತೆರೆದ, ಮುಚ್ಚಿದ, ಕೈಗೆತ್ತಿಕೊಂಡ, ಹೆಬ್ಬೆರಳನ್ನು ಹಲ್ಲುಗಳ ಮೇಲೆ ಆಡಿಸಿದ, ಒಂದು, ಎರಡು, ಇಪ್ಪತ್ತೆಂಟು ವರ್ಷ ಬೆರಳು ತಗ್ಗಿಗೆ ಇಳಿಯುತ್ತಿದ್ದ ಜಾಗ, ಇಳಿಯಲಿಲ್ಲ, ಮತ್ತೆ ಆಡಿಸಿದ, ಒಂದು, ಎರಡು — ಮೂರನೇ ಹಲ್ಲು ಇತ್ತು.